ಎಲ್ಲೂರಿನ ಅಜ್ಜಿಯ ‘ಬೊಕ್ಕ?’

ನಾನು ಅವಳಿಗೆ ಹೇಳಿದ ಮಾತು ಇದೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅವಳನ್ನು ತರಗತಿಯೆದುರು ನಗೆಪಾಟಲು ಮಾಡಿದ್ದು ನಾನು. ಆಮೇಲೆ ಅವಳ ಉಪಾಯವನ್ನು ಕದ್ದು ನನ್ನದೆಂದು ಕಲಿಸಿದ್ದೂ ನಾನು. ನನ್ನ ನೆನಪು ನಂಬುವಂಥದ್ದಲ್ಲ — ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಪರ್ಕಳದಲ್ಲಿ ಬೇಕರಿಯೊಂದರ ಮೇಲಿನ ಬಾಡಿಗೆ ಕೋಣೆ. ವಿದೇಶಕ್ಕೆ ಹೊರಟ ನರ್ಸುಗಳಿಗೆ ಅಲ್ಲಿ ಇಂಗ್ಲಿಷ್ ಪರೀಕ್ಷೆಯ ಪಾಠ ಮಾಡುತ್ತಿದ್ದೆ. ಎಂ.ಎ. ಮುಗಿಸಿದ ಹೊಸತು, ಯಾರನ್ನೂ ಒಪ್ಪದಿರುವುದೇ ಬುದ್ಧಿವಂತಿಕೆ ಎಂದುಕೊಂಡಿದ್ದೆ. ಪ್ರಮೀಳಾ ಎಲ್ಲೂರಿನವಳು. ಪಾಸಾದರೆ ಅವಳಿಗೆ ಐರ್ಲೆಂಡಿನಲ್ಲಿ ಕೆಲಸ. ಇಲ್ಲದಿದ್ದರೆ ಉಡುಪಿಯ ಆಸ್ಪತ್ರೆಯ ಅದೇ ಹಳೆಯ ವಾರ್ಡು.

ಆ ದಿನ ಉಪವಾಕ್ಯಗಳ ಪಾಠ — ಯಾವುದು ಸ್ವತಂತ್ರವಾಗಿ ನಿಲ್ಲುತ್ತದೆ, ಯಾವುದು ಇನ್ನೊಂದಕ್ಕೆ ಜೋತುಬೀಳುತ್ತದೆ. ಕರ್ತೃ, ಕ್ರಿಯಾಪದ ಎರಡೂ ಇದ್ದರೆ ಸ್ವತಂತ್ರ ಎಂದೆ. ತಪ್ಪು; ಅವಸರದ ಅರ್ಧ ನಿಯಮ. ಅವಳು ಬೋರ್ಡಿನ ಮೇಲಿದ್ದ ‘ಬಿಕಾಸ್ ಐ ಮಿಸ್ಡ್ ದ ಬಸ್’ ತೋರಿಸಿದಳು.

“ಸರ್, ಇದ್ರಲ್ಲಿ ಎರಡೂ ಉಂಟಲ್ಲ? ಆದ್ರೂ ಮಾತು ಮುಗೀಲಿಲ್ಲ, ಅಲ್ವಾ?”

“ಮುಗೀಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ನಾನು ತುಳುವಲ್ಲಿ ನಮ್ಮ ಅಜ್ಜಿಗೆ ಹೇಳಿ ನೋಡುದು ಸರ್. ‘ಬಸ್ಸು ತಪ್ಪಿದ್ದರಿಂದ’ ಅಂತ ನಿಲ್ಲಿಸಿದ್ರೆ ಅಜ್ಜಿ ‘ಬೊಕ್ಕ?’ ಅಂತಾರೆ. ‘ಬಸ್ಸು ತಪ್ಪಿತು’ ಅಂದ್ರೆ ‘ಅಯ್ಯೋ’ ಅಂತಾರೆ, ಅಷ್ಟೆ.”

ಬೊಕ್ಕ ಅಂದರೆ ತುಳುವಿನಲ್ಲಿ ‘ಆಮೇಲೆ?’ ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ತಿಳಿಯಿತು — ಇದೊಂದನ್ನು ಮರೆವಿನ ತಲೆಗೆ ಕಟ್ಟಲಾರೆ. ತಿಳಿದೇ ಹೇಳಿದೆ:

“ಹಾಗಾದ್ರೆ ಪರೀಕ್ಷೆಗೆ ಅಜ್ಜಿಯನ್ನೇ ಕಳಿಸಿ ಮಾರಾಯ್ರೆ. ನೀವು ಮನೆಯಲ್ಲಿ ಕೂತು ಮೀನು ಕ್ಲೀನ್ ಮಾಡಿ.”

ಹೀಗೆಯೇ ಹೇಳಿದೆನೇ? ಮೀನಿನ ಮಾತನ್ನು ನನ್ನ ನೆನಪು ಆಮೇಲೆ ಸೇರಿಸಿತೇ? — ಗೊತ್ತಿಲ್ಲ. ಕೋಣೆಯೆಲ್ಲ ನಕ್ಕಿತು. ಹಿಂದಿನಿಂದ ಯಾರೋ “ಬೊಕ್ಕ?” ಎಂದರು, ಮತ್ತೆ ನಗು. ಅವಳೂ ನಕ್ಕಳು — ಆ ನಗುವನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಸಮಾಧಾನಪಟ್ಟೆ. ಮರುವಾರ ಅವಳು ಬರಲಿಲ್ಲ. ಮದುವೆ ನಿಶ್ಚಯವಾಗಿದೆಯಂತೆ ಎಂದು ಉಳಿದವರಿಗೆ ಹೇಳಿದೆ. ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಮುಂದಿನ ಬ್ಯಾಚಿಗೆ ನಾನೇ ಕಲಿಸಿದೆ: ತುಳುವಿನಲ್ಲಿ ಹೇಳಿ ನೋಡಿ, ಅಜ್ಜಿ ‘ಬೊಕ್ಕ?’ ಎಂದರೆ ಅದು ಜೋತುಬಿದ್ದದ್ದು. ಎಲ್ಲಾ ಕಡೆ ನಡೆಯುವ ಉಪಾಯವಲ್ಲ, ಆದರೂ ಹುಡುಗಿಯರ ಮುಖ ಅರಳುತ್ತಿತ್ತು. ಕಾರ್ಕಳದಿಂದ, ಕಾಪುವಿನಿಂದ ಹುಡುಕಿಕೊಂಡು ಬಂದರು. ‘ಬೊಕ್ಕ ಸರ್’ ಎಂಬ ಹೆಸರೂ ಬಂತು. ಯಾರ ಅಜ್ಜಿ ಸರ್ ಎಂದು ಒಬ್ಬಳು ಕೇಳಿದಾಗ — ನನ್ನ ಅಜ್ಜಿ ಎಂದೆ. ನಮ್ಮದು ಕುಂದಾಪುರದ ಕಡೆ. ನನ್ನ ಅಜ್ಜಿಗೆ ತುಳುವೇ ಬರುತ್ತಿರಲಿಲ್ಲ.

ಕಳೆದ ವರ್ಷ, ಆದಿ ಉಡುಪಿಯಲ್ಲಿ ಇದೇ ಪಾಠ ಮಾಡುವ ಪರಿಚಯದವನೊಬ್ಬ ಮಾತಿನ ನಡುವೆ ಅವಳ ಹೆಸರೆತ್ತಿದ. ನನ್ನಲ್ಲಿಂದ ಹೋದವಳು ಅವನ ತರಗತಿಗೆ ಸೇರಿದ್ದಳಂತೆ.

“ಬುದ್ಧಿ ಇತ್ತು ಮಾರಾಯ, ಆದ್ರೆ ಬಾಯಿ ಬಿಡ್ತಾನೇ ಇರ್ಲಿಲ್ಲ. ಎಂತ ಕೇಳಿದ್ರೂ ಸುಮ್ಮನೆ ನಗ್ತಿದ್ದಳು.”

ಅವನ ಮಾತನ್ನೂ ನಾನು ನಂಬಲಿಲ್ಲ. ಅವಳೊಂದಿಗೆ ಪರೀಕ್ಷೆಗೆ ಹೋಗಿದ್ದ ಗೆಳತಿಯನ್ನು ಹುಡುಕಿ ಕೇಳಿದೆ. ಅವಳು ಖಚಿತವಾಗಿ ಹೇಳಿದಳು: ಓದುವುದರಲ್ಲಿ, ಬರೆಯುವುದರಲ್ಲಿ ಪ್ರಮೀಳಾ ಪಾಸಾಗಿದ್ದಳು. ಎರಡು ಸಲ ಪರೀಕ್ಷೆಗೆ ಕೂತು ಎರಡು ಸಲವೂ ಫೇಲಾದದ್ದು ಮಾತನಾಡುವುದರಲ್ಲಿ.