ಅವ್ವನನ್ನು ಬಿಟ್ಟು ಹೋದ ಕೂಟ

ನಮ್ಮ ಅವ್ವ ತಾನಾಗಿಯೇ ಹಿಂದೆ ಸರಿದಳು, ಅಧ್ಯಕ್ಷರ ಆಯ್ಕೆ ಅವಿರೋಧವಾಗಿ ಆಯಿತು ಎಂದು ಊರವರು ಹೇಳುತ್ತಾರೆ. ಎಷ್ಟು ಜನ ಹೇಳಿದರೂ ಅದು ಸಾಕ್ಷಿಯಾಗುವುದಿಲ್ಲ. ಎದುರು ನಿಲ್ಲಲು ಬಿಡದಿದ್ದರೆ ವಿರೋಧ ಎಲ್ಲಿಂದ ಬರಬೇಕು?

ಬ್ಯಾಡಗಿ ಹತ್ತಿರದ ನಮ್ಮ ಪಂಚಾಯಿತಿಯಲ್ಲಿ ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಸದಸ್ಯೆಯಾಗಿದ್ದ ಅವ್ವನೇ ಆಗಬೇಕೆಂದು ಮಾತಾಗಿತ್ತು. ಮತದಾನಕ್ಕೆ ಮುನ್ನ ಸದಸ್ಯರನ್ನು ಗಾಡಿ ಹತ್ತಿಸಿ, ದೇವರ ಮುಂದೆ ಆಣೆ ಮಾಡಿಸಿ, ನೇರ ಪಂಚಾಯಿತಿ ಬಾಗಿಲಿಗೆ ತಂದಿಳಿಸುವುದು ನಮ್ಮಲ್ಲಿ ರೂಢಿ. ಅವತ್ತು ಗಳಗನಾಥದ ಗುಡಿಗೆ ಗಾಡಿ ಹೊರಡಿಸಿದವನು ಅಪ್ಪನ ತಮ್ಮ, ನನ್ನ ಕಾಕಾ. ಅವನ ಹೆಂಡತಿಯೂ ಸದಸ್ಯೆ.

"ವೈನಿ, ನೀವು ಅಧ್ಯಕ್ಷರಾಗೋರು, ನೀವ್ಯಾಕ ಧೂಳ ತಿಂತೀರಿ? ಮನ್ಯಾಗಿರ್ರಿ. ನಿಮ್ಮ ಹೆಸರ್ಲೆ ಆಣಿ ಮಾಡಿಸ್ಕೊಂಡ ಬರ್ತೇನಿ."

ಅವ್ವ ನಂಬಿದಳು. ಸಾಲದ್ದಕ್ಕೆ ಅವರಿಗೆಲ್ಲ ರೊಟ್ಟಿ ಬಡಿದು, ಕೆಂಪು ಖಾರ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮರುದಿನ ಗಾಡಿ ಇಳಿದವರಲ್ಲಿ ಅವ್ವನ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಲು ಒಬ್ಬರೂ ಮುಂದೆ ಬರಲಿಲ್ಲ. ಆಣೆ ಕಾಕಿಯ ಹೆಸರಿಗೆ ಆಗಿತ್ತು. ಕಾಕಾ ಅದನ್ನು 'ಹೊಂದಾಣಿಕಿ' ಎಂದ.

ನಾನಾಗ ರಾಣೆಬೆನ್ನೂರಿನ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಮೈತ್ರಿಕೂಟದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಬಹುಮಾನ ತಂದವಳು. ಬಯಲಿನಲ್ಲಿ ಕೂಡಿದರೆ ಮೈತ್ರಿ, ಬಾಗಿಲು ಹಾಕಿಕೊಂಡು ಕೂಡಿದರೆ ಒಳಸಂಚು ಎಂದು ಚಪ್ಪಾಳೆ ಗಿಟ್ಟಿಸಿದ್ದೆ. ಇವರು ಕೂಡಿದ್ದು ಎಲ್ಲರಿಗೂ ಬಾಗಿಲು ತೆರೆದ ಗುಡಿಯಲ್ಲಿ. ನನ್ನ ವಾದ ಅಲ್ಲೇ ಬಿತ್ತು.

ಆದರೂ ಬಿಡದೆ ಹಾವೇರಿಯಲ್ಲಿ ಒಬ್ಬ ವಕೀಲರನ್ನು ಕಂಡು, ಅಕ್ರಮ ಕೂಟವೆಂದು ಕೇಸು ಹಾಕಬಹುದೇ ಎಂದು ಕೇಳಿದೆ. ಅವರು ನಕ್ಕರು. "ತಂಗಿ, ಐದ ಮಂದಿ ಬಡಿಗಿ ಹಿಡ್ಕೊಂಡ ಹೊಡ್ಯಾಕ ನಿಂತ್ರ ಅಕ್ರಮ ಕೂಟ. ಬುತ್ತಿ ಕಟ್ಕೊಂಡ ಗುಡಿಗೆ ಹೋದ್ರ ಅದು ಯಾತ್ರಾ."

ಈಗ ಕಾಕಿಯ ಮೇಲೆ ಅವಿಶ್ವಾಸ ಗೊತ್ತುವಳಿ ಬಂದಿದೆ. ಅವ್ವನ ಒಂದು ಮತ ಬಿದ್ದ ಕಡೆ ಗೆಲುವು. ನಿನ್ನೆ ಕಾಕಾ ನಮ್ಮ ಪಡಸಾಲೆಗೆ ಬಂದು ಕೂತ.

"ಎಲ್ಲಾರೂ ಕೂಡಿ ಪಿತೂರಿ ಮಾಡ್ಯಾರ, ವೈನಿ. ಮನಿ ಮರ್ಯಾದಿ ಉಳಸ್ರಿ."

"ಪಿತೂರಿ ಯಾಕ ಕಾಕಾ, ಹೊಂದಾಣಿಕಿ ಅನ್ರಿ," ಎಂದೆ.

"ನಿನ್ನ ಕಾಲೇಜ ಭಾಷಣ ಬ್ಯಾಡ. ನಾ ನಿಮ್ಮವ್ವನ ಕೂಡ ಮಾತಾಡಾಕತ್ತೇನಿ."

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಆಕಿ ಕೇಳಿದ್ರ ನಾ ಕೇಳ್ದಂಗ," ಎಂದಳು.

ಅವನ ಹಣೆಯಲ್ಲಿ ಬೆವರು ಮೂಡಿದ್ದು ನೋಡಿ ನನಗೆ ಹಿತವಾಯಿತು. ಕನಿಕರ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಅವನು ಎದ್ದು ಚಪ್ಪಲಿ ಹುಡುಕತೊಡಗಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಂದ ಹೇಳಿ ಹೋಗ್ರಿ ಕಾಕಾ. ಕಾಕಿ ಹೆಸರು ಗುಡ್ಯಾಗ ಕುಂತಮ್ಯಾಲ ಗಟ್ಟಿ ಆತೋ, ಇಲ್ಲಾ ಅವ್ವಗ ಮನ್ಯಾಗಿರ್ರಿ ಅಂತ ಹೇಳಾಕ ಬಂದಾಗನ ಆಗಿತ್ತೋ?"