ಮಾಳಿಗೆಯ ಮೇಲಿನ ಕಡಲಕಳೆ

ಹೊತ್ತು ಮೂಡುವ ಮೊದಲೇ ಕೊಟ್ಟೂರಿನ ಕಾಲೇಜೊಂದರ ಮಾಳಿಗೆ ಮೆಟ್ಟಿಲಲ್ಲಿ ಏದುಸಿರು ಕೇಳಿಸುತ್ತದೆ. ಸಸ್ಯಶಾಸ್ತ್ರ ವಿಭಾಗದ ಅಟೆಂಡರ್ ಶರೀಫಾ ಬೀ ಉಪ್ಪುನೀರಿನ ಟ್ರೇಯನ್ನು ಎದೆಗಾನಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ನೀರಲ್ಲಿ ಕಾರವಾರದಿಂದ ಬಂದ ಕೆಂಪು ಕಡಲಕಳೆ. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಸಮುದ್ರ ಹೊತ್ತು ತಿರುಗುವವರು ಇವರೊಬ್ಬರೇ!

“ಮೊಣಕಾಲು ಹೋಗ್ಯಾವ್ರಿ. ಕೆಳಗ ಇಟ್ರ ಇವಕ್ಕ ಬಿಸಿಲು ಸಿಗಂಗಿಲ್ಲಂತ,” ಎಂದು ಟ್ರೇ ಇಳಿಸಿ ಸೊಂಟ ಹಿಡಿದುಕೊಳ್ಳುತ್ತಾರೆ.

ಇದು ಉಪನ್ಯಾಸಕ ಗಾದೆಪ್ಪನವರ ಸಂಶೋಧನೆ. ಅರ್ಧ ಟ್ರೇಗಳ ಮೇಲೆ ಗಾಜು ಮುಚ್ಚಿದೆ; ಬಿಸಿಲಿನ ಅತಿನೇರಳೆ ಕಿರಣವನ್ನು ಅದು ಬಹುಪಾಲು ತಡೆಯುತ್ತದೆ. ಉಳಿದವು ಬಯಲಿಗೆ ಬಿದ್ದಿವೆ. ಆ ಕಿರಣಕ್ಕೆ ಕಳೆಯ ಬೆಳವಣಿಗೆ ಎಷ್ಟು ಕುಂದುತ್ತದೆ, ಬಣ್ಣ ಎಷ್ಟು ಮಾಸುತ್ತದೆ ಎಂಬುದು ಅವರ ಪ್ರಶ್ನೆ. ಟ್ರೇ ಕಾಯದಂತೆ ಅಡಿಯ ಗೋಣಿಗೆ ನೀರು ಚಿಮುಕಿಸುವುದು, ಸಂಜೆ ಎಲ್ಲವನ್ನೂ ಇಳಿಸುವುದು ಶರೀಫಾ ಬೀ ಪಾಲಿಗೆ. ಉಪ್ಪಿಗೆ ಅಂಗೈ ಬಿರಿದಿದೆ.

ಗಂಡ ತೀರಿಕೊಂಡ ಮೇಲೆ ರಸ್ತೆಗೆ ಜಲ್ಲಿ ಒಡೆದ ಕೈ ಅದು. “ಬಿಸಿಲಾಗ ಕುಂತು ಕುಂತು ನಾನು ಕರ್ರಗಾದೆ. ಇವು ನೋಡಿದ್ರ ಬೆಳ್ಳಗ ಆಗ್ತಾವ, ಏನು ಮಾಯನೋ!” ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹೋದ ಬೇಸಿಗೆಯಲ್ಲಿ ಈ ಹೆಂಗಸಿನ ಕರುಳೇ ಎಡವಟ್ಟು ಮಾಡಿತು. ಗಾಜಿಲ್ಲದ ಟ್ರೇಗಳ ಕಳೆ ಬಿಳಿಚಿಕೊಳ್ಳುವುದನ್ನು ನೋಡಲಾರದೆ, ಮಟಮಟ ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಹೋದಾಗಲೆಲ್ಲ ಅದರ ಮೇಲೆ ಹಸಿ ಗೋಣಿ ಹೊದಿಸಿದರು. ಕಳೆ ಕೆಂಪಗೇ ಉಳಿಯಿತು. ಗಾಜಿನಡಿಯದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣದೆ ಗಾದೆಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ, ಇವರೇ ಹೋಗಿ ಗೋಣಿಯ ವಿಷಯ ಹೇಳಿದರು.

“‘ಶರೀಫಮ್ಮಾ, ವರ್ಷದ ಕೆಲಸ ಮಣ್ಣು ಪಾಲಾತಲ್ಲ’ ಅಂದ್ರು. ಬೈಲಿಲ್ರಿ. ಬೈದಿದ್ರ ಚಲೋ ಇತ್ತು.”

ಈಗ, ೧೯೮೪ರ ಈ ಬೇಸಿಗೆಯಲ್ಲಿ, ಎಲ್ಲ ಮತ್ತೆ ಮೊದಲಿನಿಂದ. ಮುಂಗಾರಿನ ಮೋಡ ಕವಿಯುವುದರೊಳಗೆ ಮುಗಿಯದಿದ್ದರೆ ವಿಶ್ವವಿದ್ಯಾಲಯ ಮೇಷ್ಟ್ರಿಗೆ ಕೊಟ್ಟ ಗಡುವು ಮೀರುತ್ತದೆ. ಸೂರ್ಯ ನೆತ್ತಿಗೆ ಬರುತ್ತಾನೆ. ಶರೀಫಾ ಬೀ ಗೋಣಿ ಹೊದಿಸುವುದಿಲ್ಲ. ಟ್ರೇಗಳಿಗೆ ಬೆನ್ನು ಮಾಡಿ, ತಲೆಗೆ ಸೆರಗೆಳೆದುಕೊಂಡು ಕೂರುತ್ತಾರೆ. ಬಯಲಿನ ಕಳೆ ಆಗಲೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ನೋಡುವವರಿಗೂ ಸಂಕಟವಾಗುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಸಂಬಳದ ಮಾತು ಬರುವುದಿಲ್ಲ.

“ಇದು ಮುಗಿದ ಮ್ಯಾಲೆ ಬಿಸಿಲಿಗೆ ಬೆಂದಿದ್ದು ಒಂದು ಟ್ರೇ ನನಗ ಕೊಡ್ರಿ ಅಂತ ಮೇಷ್ಟ್ರನ್ನ ಕೇಳೀನಿ. ಮನ್ಯಾಗ ನೆಳ್ಳಿಗೆ ಇಡ್ತೀನಿ. ಕೆಂಪು ತಿರುಗಿ ಬರ್ತೈತೇನೋ ನೋಡಬೇಕ್ರಿ.”