ಬೆರಳಿನ ಕಪ್ಪು

ಅಕ್ಕನ ಬಲಗೈಯ ಮೂರು ಬೆರಳು ಯಾವಾಗಲೂ ಕಪ್ಪಗಿರುತ್ತಿದ್ದವು. ಯಕೃತ್ತಿನ ತೆಳು ಚೂರುಗಳಿಗೆ ಹಾಕುವ ಬೆಳ್ಳಿಯ ದ್ರಾವಣದ ಕಲೆ ಅದು, ಸಾಬೂನಿಗೆ ಬಗ್ಗುವಂಥದ್ದಲ್ಲ. ಸೊಲ್ಲಾಪುರದ ಬಟ್ಟೆ ವ್ಯಾಪಾರಿಯ ಮಗಳು, ಹಟ ಹಿಡಿದು ಮೆಡಿಕಲ್ ಕಾಲೇಜಿನ ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದಳು. ಹೆಣದ ಚೂರು ಮುಟ್ಟುವ ಕೈಯೆಂದು ಮನೆಯಲ್ಲಿ ಅಡುಗೆಮನೆಗೆ ಬಿಡುತ್ತಿರಲಿಲ್ಲ. “ಉಣ್ಣಾಕರ ಹಾಕತಾರಲ್ಲ, ಸಾಕ್ ಬಿಡು,” ಎಂದು ನಗುತ್ತಿದ್ದಳು.

ನಾನು ಹತ್ತಿರದ ಕುಂಭಾರಿ ಹಳ್ಳಿಯ ಒಕ್ಕಲು ಮನೆತನದ ಮೊದಲ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಅವಳಿದ್ದ ರೋಗಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ ನನಗೆ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಲಿಸಿದವಳು ಅವಳು; ಅಂದಿನಿಂದ ನನಗೆ ಅಕ್ಕ. ಬೆಳ್ಳಿ ಹಾಕಿದರೆ ಯಕೃತ್ತಿನೊಳಗಿನ ಎಳೆಗಳ ಬಲೆ ಕಪ್ಪಗೆ ಎದ್ದು ಕಾಣುತ್ತದೆ. ಜೀವಕೋಶಗಳು ಅದಕ್ಕೆ ಅಂಟಿ ಸಾಲಾಗಿ ಕೂತಿರುತ್ತವೆ. “ಫಕ್ತ ಕೋಶ ನೋಡಬ್ಯಾಡ ತಮ್ಮಾ, ಅದು ಯಾವುದನ್ನ ಹಿಡಕೊಂಡದ ನೋಡು.” ನೂರಾರು ಸ್ಲೈಡು ಮಾಡಿ ಅವಳು ಕಂಡುಕೊಂಡದ್ದಿಷ್ಟು: ರೋಗ ಬಿದ್ದ ಯಕೃತ್ತಿನಲ್ಲಿ ಕೋಶ ಸಾಯುವ ಮೊದಲೇ ಎಳೆಯ ಹಿಡಿತ ತಪ್ಪಿರುತ್ತದೆ. “ಸತ್ತದ್ದಕ್ಕ ಕೈ ಬಿಟ್ಟದ್ದಲ್ಲೋ. ಕೈ ಬಿಟ್ಟದ್ದಕ್ಕ ಸತ್ತದ.”

ಅದನ್ನು ನಾನು ಇಂಗ್ಲಿಷಿನಲ್ಲಿ ಲೇಖನ ಮಾಡಿದೆ. ಮೊದಲ ಹೆಸರು ಅವಳದೇ ಹಾಕಿದ್ದೆ. ವಿಭಾಗದ ಮುಖ್ಯಸ್ಥರು ಅದರ ಮೇಲೆ ಗೀಟು ಎಳೆದು ತಮ್ಮ ಹೆಸರು ಬರೆದರು. “ಬಾಟ್ಲಿ ತೊಳಿಯೋರ ಹೆಸರೂ ಹಾಕೂದೇನು? ಲೆಕ್ಚರರ್ ಜಾಗಾ ಖಾಲಿ ಅದ, ನೆನಪಿರಲಿ.” ಸಹಿ ಮಾಡಿದೆ. ಹೇಡಿತನಕ್ಕೆ ಬೇರೆ ಹೆಸರು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಅಚ್ಚಾಗಿ ಬಂದ ದಿನ ಅಕ್ಕ ನಿಂತೇ ಓದಿದಳು. ಮುಗಿಸಿ, ಮತ್ತೆ ಮೊದಲ ಪುಟಕ್ಕೆ ಬಂದು, ಹೆಸರುಗಳ ಮೇಲೆ ಆ ಕಪ್ಪು ಬೆರಳಾಡಿಸಿದಳು. “ಬರೋಬರ್ ಬರದೀರಿ, ಡಾಕ್ಟರ್ ಸಾಹೇಬ್ರ.” ಅಷ್ಟೇ. ಮರುತಿಂಗಳು ಕೆಲಸ ಬಿಟ್ಟು ಅಕ್ಕಲಕೋಟೆಯ ತಂಗಿಯ ಮನೆ ಸೇರಿದಳು.

ಎರಡು ವರ್ಷದ ನಂತರ, ತಪ್ಪಾಯಿತು ಅನ್ನಲು ಹೋದೆ. ಆಗ ನಾನು ಲೆಕ್ಚರರ್. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಒಳಗೆ ಹೋಗಿ ತಾನೇ ಚಹಾ ಮಾಡಿ ತಂದಳು. ಚಹಾದ ಲೋಟ ಹಿಡಿದ ಬೆರಳುಗಳಲ್ಲಿ ಒಂದು ಕಲೆಯೂ ಇರಲಿಲ್ಲ. ಅದನ್ನು ನೋಡಿ, ತಪ್ಪಾಯಿತು ಅನ್ನುವ ಬದಲು ಜೋಳದ ಬೆಲೆ ಕೇಳಿದೆ.

“ಬಸ್ಸಿನ ಹೊತ್ತಾತು, ಹೊಂಡ್ರಿ ಡಾಕ್ಟರ್ ಸಾಹೇಬ್ರ,” ಅಂದಳು.

ಮುಂದಿನ ವರ್ಷ ತೀರಿಕೊಂಡಳು. ‘ತಮ್ಮಾ’ ಎಂದು ಮತ್ತೆ ಕರೆಯಲೇ ಇಲ್ಲ. ನಿವೃತ್ತನಾಗುವವರೆಗೂ ನಾನು ವಿದ್ಯಾರ್ಥಿಗಳಿಗೆ ತೋರಿಸಿದ್ದು ಅವಳ ಸ್ಲೈಡುಗಳನ್ನೇ, ಹೇಳಿದ್ದು ಅವಳ ಮಾತನ್ನೇ. ಇದನ್ನು ಮೊದಲು ಕಂಡವರು ಯಾರು ಎಂದು ಯಾರಾದರೂ ಕೇಳಿಯಾರೆಂದು, ಆ ಪಾಠವನ್ನು ಮಾತ್ರ ಪ್ರತಿ ವರ್ಷ ಬೇಗ ಮುಗಿಸುತ್ತಿದ್ದೆ.